ಕೊಳಗ ಯಾರ ಕೈಯಲ್ಲಿದೆ?

ಗುಜರಾತಿನ ವಾಡಿನಾರಿನಲ್ಲಿ ತೈಲ ಶುದ್ಧೀಕರಣಾಗಾರ ನಡೆಸುವ ನಯಾರಾ ಕಂಪೆನಿಯ ನೌಕರರಿಗೆ 2025ರ ಜುಲೈ ತಿಂಗಳಲ್ಲಿ ಒಂದು ದಿನ ತಮ್ಮ ಇ-ಮೇಲೇ ತೆರೆಯದೆ ಹೋಯಿತು. ಭಾರತ ಸರ್ಕಾರ ಮುಚ್ಚಿಸಿದ್ದಲ್ಲ. ನಮ್ಮ ಯಾವ ನ್ಯಾಯಾಲಯದ ಆಜ್ಞೆಯೂ ಅಲ್ಲ. ರಷ್ಯಾದ ರೋಸ್‌ನೆಫ್ಟ್ ಅದರಲ್ಲಿ ಪಾಲುಗಾರನೆಂದು ಯೂರೋಪಿನ ಒಕ್ಕೂಟ ನಿರ್ಬಂಧ ಹೇರಿತು. ಅದನ್ನು ಹಿಡಿದು ಅಮೆರಿಕದ ಮೈಕ್ರೋಸಾಫ್ಟ್ ಸೇವೆಯನ್ನೇ ನಿಲ್ಲಿಸಿತು! ಗಿರಾಕಿ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಸೇವೆ ಮರಳಿತು. ನಯಾರಾಕ್ಕಾಗಿ ಕಣ್ಣೀರಿಡುವವರು ನಾವಲ್ಲ, ಅದೂ ಬಂಡವಾಳವೇ. ಆದರೆ ಅಂಥ ಬಂಡವಾಳಕ್ಕೇ ಈ ಗತಿಯಾದರೆ ನಮ್ಮ ಊರಿನ ಸಹಕಾರಿ ಬ್ಯಾಂಕಿನ ಪಾಡೇನು?

ಕ್ಲೌಡ್ ಎಂದರೆ ಮೋಡವಂತೆ. ಮೋಡವೂ ಇಲ್ಲ, ಮಳೆಯೂ ಇಲ್ಲ. ಪರರ ಕಟ್ಟಡದಲ್ಲಿ ಪರರ ಕಂಪ್ಯೂಟರು, ನಮಗೆ ಗೇಣಿಗೆ. 2006ರಲ್ಲಿ ಅಮೆಜಾನ್ ಈ ವ್ಯಾಪಾರಕ್ಕಿಳಿಯಿತು. ಇದರಲ್ಲಿ ಅನುಕೂಲವೇ ಇಲ್ಲವೆಂದರೆ ಸುಳ್ಳಾದೀತು. ಹೊಸದಾಗಿ ಆರಂಭಿಸುವವನ ಬಳಿ ಯಂತ್ರ ಕೊಳ್ಳಲು ದುಡ್ಡಿರುವುದಿಲ್ಲ. ಪರೀಕ್ಷೆಯ ಫಲಿತಾಂಶದ ಒಂದು ದಿನ ಮಾತ್ರ ನೂಕುನುಗ್ಗಲು ಕಾಣುವವನು ವರ್ಷವಿಡೀ ಯಂತ್ರ ಸಾಕುವುದು ದಂಡ. ಅಂಥವರು ಬಾಡಿಗೆಗೆ ಹಿಡಿಯಲಿ. ನಿತ್ಯವೂ ಒಂದೇ ಪ್ರಮಾಣದ ಕೆಲಸವುಳ್ಳವರ ಲೆಕ್ಕ ಬೇರೆ. ಡ್ರಾಪ್‌ಬಾಕ್ಸ್ ಕಂಪೆನಿ ತನ್ನ ಬಹುಪಾಲು ಕಡತಗಳನ್ನು ಅಮೆಜಾನಿನಿಂದ ಸ್ವಂತ ಯಂತ್ರಗಳಿಗೆ ಸಾಗಿಸಿ, ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರ್ ಖರ್ಚು ತಗ್ಗಿಸಿತು. 2018ರಲ್ಲಿ ಷೇರು ಮಾರಲು ಹೊರಟಾಗ ಅದೇ ಬರೆದುಕೊಟ್ಟ ಲೆಕ್ಕವಿದು.

ನಮ್ಮಲ್ಲಿ ಈ ಲೆಕ್ಕ ಹಾಕುವವರು ಯಾರು? ಆಡಳಿತ ಮಂಡಳಿಯ ಮಹನೀಯರು ಮಾರಾಟಗಾರ ಗೋಡೆಯ ಮೇಲೆ ತೋರಿಸಿದ ಬಣ್ಣದ ಚಿತ್ರ ನೋಡಿ, ಮೊದಲ ವರ್ಷದ ರಿಯಾಯಿತಿಗೆ ಮನಸೋತು, ರುಜು ಹಾಕಿ ಕಾಫಿ ಕುಡಿದು ಏಳುತ್ತಾರೆ. ಕಂಪ್ಯೂಟರು ನೋಡಿಕೊಳ್ಳುವ ನೌಕರನನ್ನು ಒಂದು ಮಾತು ಕೇಳುವುದಿಲ್ಲ. ಕೇಳುವುದೇಕೆ? ಅವನ ಸಂಬಳ ಉಳಿಯುವುದನ್ನೇ ಲಾಭದ ಕಲಮಿನಲ್ಲಿ ಬರೆದಾಗಿದೆ!

ಒಳಗೆ ತುಂಬಲು ಕಾಸಿಲ್ಲ. ಹೊರಗೆ ತೆಗೆಯುವಾಗ ಸುಂಕ. ಪೂರ್ತಿ ಬಿಟ್ಟುಹೋಗುವವರಿಗೆ ಈ ಸುಂಕವನ್ನು ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮನ್ನಾ ಮಾಡಿದ್ದು 2024ರಲ್ಲಿ. ಅದೂ ಯೂರೋಪಿನಲ್ಲಿ ಕಾನೂನು ಬಂದ ಮೇಲೆ. ಬಿಡದೆ ಉಳಿದವರಿಗೆ ದಿನನಿತ್ಯದ ಸುಂಕ ತಪ್ಪಿಲ್ಲ. ಎಷ್ಟು ಬಳಸಿದಿರೆಂದು ಅಳೆಯುವ ಕೊಳಗ ಅವರದು, ದರ ಅವರದು, ಕಣದ ಬಾಗಿಲ ಬೀಗವೂ ಅವರದು. ಗೇಣಿದಾರನ ಮಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬರುವ ಮಹಾಸಭೆಯಲ್ಲಿ ಸದಸ್ಯರು ಎದ್ದು ನಿಂತು ಕೇಳಲಿ: ಐದನೆಯ ವರ್ಷದ ಗೇಣಿ ಎಷ್ಟು? ನಮ್ಮ ಲೆಕ್ಕಪತ್ರದ ಒಂದು ಪ್ರತಿ ನಮ್ಮ ಕೈಯಲ್ಲಿರುತ್ತದೆಯೇ? ಅವರು ಬೀಗ ಹಾಕಿದ ದಿನ ನಾವು ಯಾವ ಊರಿನ ಕೋರ್ಟಿಗೆ ಹೋಗಬೇಕು?