ಎಣ್ಣೆ ಚಮಚದ ಲೆಕ್ಕ

ಹೆಸರು ಬೇಡವೆಂದು ಕೋರಿ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಪಿಯುಸಿ ಓದುತ್ತಿರುವ ಮಗಳು ತೂಕ ಇಳಿಸಬೇಕೆಂದು ಬೆಳಗಿನ ತಿಂಡಿ ಬಿಟ್ಟಿದ್ದಾಳೆ. ಅನ್ನಕ್ಕೆ ತುಪ್ಪ ಹಾಕಿದರೆ ತಟ್ಟೆ ಸರಿಸಿ ಎದ್ದುಬಿಡುತ್ತಾಳೆ. ಪೊಟ್ಟಣದ ಮೇಲೆ ‘ಕೊಬ್ಬುರಹಿತ’ ಎಂದು ಬರೆದಿದ್ದರೆ ಮಾತ್ರ ಯೋಚನೆಯಿಲ್ಲದೆ ತಿನ್ನುತ್ತಾಳೆ. ಮೊದಲ ವಾರ ಎರಡು ಕಿಲೋ ಇಳಿಯಿತು. ಆಮೇಲೆ ಮುಳ್ಳು ಅಲ್ಲಾಡಲಿಲ್ಲ. ಮೊನ್ನೆ ಕಾಲೇಜಿನಲ್ಲಿ ತಲೆ ಸುತ್ತಿ ಬಿದ್ದಳಂತೆ. ‘ಮೇಷ್ಟ್ರೇ, ನಮ್ಮ ಮಾತು ಕೇಳುವುದಿಲ್ಲ. ನೀವಾದರೂ ತಿಳಿಸಿ ಹೇಳಿ’ ಎಂಬುದು ಅವರ ಬೇಡಿಕೆ.

ತಲೆ ಸುತ್ತಿ ಬಿದ್ದವಳನ್ನು ಮೊದಲು ವೈದ್ಯರಿಗೆ ತೋರಿಸಬೇಕು, ಹಿಮೋಗ್ಲೋಬಿನ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಬೇಕು. ಅದು ಅಂಕಣ ಓದಿ ಪರಿಹಾರ ಕಂಡುಕೊಳ್ಳುವ ವಿಷಯವಲ್ಲ. ಆದರೆ ಕ್ಯಾಲೊರಿ ಮತ್ತು ಕೊಬ್ಬಿನ ಲೆಕ್ಕ ಎಂಟನೆಯ ತರಗತಿಯ ಗಣಿತ ಬಲ್ಲವರಿಗೆಲ್ಲ ಅರ್ಥವಾಗುವಂಥದ್ದು. ಅದನ್ನು ಇಂದು ನೋಡೋಣ.

ಕ್ಯಾಲೊರಿ ಎಂದರೆ ಎಷ್ಟು?

ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ಶಾಖವೇ ಒಂದು ಕ್ಯಾಲೊರಿ ಎಂದು ನೀವು ಓದಿದ್ದೀರಿ. ಆಹಾರದ ವಿಷಯದಲ್ಲಿ ಜನ ‘ಕ್ಯಾಲೊರಿ’ ಎನ್ನುವುದು ಅದರ ಸಾವಿರ ಪಟ್ಟನ್ನು, ಅಂದರೆ ಕಿಲೋಕ್ಯಾಲೊರಿಯನ್ನು. ದೊಡ್ಡದೊಂದು ಬೂಂದಿ ಲಾಡಿನಲ್ಲಿ ಸುಮಾರು 200 ಕಿಲೋಕ್ಯಾಲೊರಿ ಇರುತ್ತದೆ. ಆ ಶಾಖವನ್ನೆಲ್ಲ ಪೋಲಾಗದಂತೆ ನೀರಿಗೆ ಕೊಟ್ಟರೆ 25 ಡಿಗ್ರಿಯಲ್ಲಿರುವ ಎರಡೂವರೆ ಲೀಟರಿಗೂ ಮಿಕ್ಕಿದ ನೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಲಾಡು ಸಣ್ಣ ಒಲೆಯೇ ಸರಿ!

ಯಾವ ಆಹಾರದಲ್ಲಿ ಎಷ್ಟು ಶಕ್ತಿಯಿದೆ ಎಂದು ಅಳೆದವರಲ್ಲಿ ಅಮೆರಿಕದ ವಿಲ್ಬರ್ ಆಟ್‌ವಾಟರ್ ಪ್ರಮುಖರು. 1890ರ ದಶಕದಲ್ಲಿ ಅವರೂ ಸಂಗಡಿಗರೂ ಒಂದು ಸಣ್ಣ ಮುಚ್ಚಿದ ಕೋಣೆ ಕಟ್ಟಿದರು. ಅದರೊಳಗೆ ಮನುಷ್ಯರು ದಿನಗಟ್ಟಲೆ ಇದ್ದು ಉಣ್ಣುತ್ತಿದ್ದರು, ಮಲಗುತ್ತಿದ್ದರು, ವ್ಯಾಯಾಮವನ್ನೂ ಮಾಡುತ್ತಿದ್ದರು. ಅವರ ಮೈಯಿಂದ ಹೊರಟ ಶಾಖವನ್ನು ಕೊಳವೆಗಳಲ್ಲಿ ಹರಿಯುವ ನೀರು ಹೀರಿ ಹೊರಗೆ ತರುತ್ತಿತ್ತು. ಇಂಥ ಪ್ರಯೋಗಗಳಿಂದ ಮೂಡಿಬಂದ ಅಂಕಿಗಳನ್ನೇ ನಾವು ಇಂದಿಗೂ ಬಳಸುತ್ತೇವೆ. ಒಂದು ಗ್ರಾಂ ಶರ್ಕರಪಿಷ್ಟಕ್ಕೆ 4, ಒಂದು ಗ್ರಾಂ ಪ್ರೋಟೀನಿಗೆ 4, ಒಂದು ಗ್ರಾಂ ಕೊಬ್ಬಿಗೆ 9 ಕಿಲೋಕ್ಯಾಲೊರಿ.

ಕೊಬ್ಬಿಗೆ ಮಾತ್ರ ಏಕೆ ಎರಡು ಪಟ್ಟಿಗೂ ಹೆಚ್ಚು? ಉತ್ತರ ರಸಾಯನಶಾಸ್ತ್ರದಲ್ಲಿದೆ. ಗ್ಲೂಕೋಸಿನ ಅಣುವಿನಲ್ಲಿ 6 ಇಂಗಾಲದ ಪರಮಾಣುಗಳ ಜೊತೆ 6 ಆಮ್ಲಜನಕದ ಪರಮಾಣುಗಳಿವೆ. ಉರಿಯುವುದೆಂದರೆ ಆಮ್ಲಜನಕದೊಡನೆ ಸೇರುವುದು ತಾನೆ? ಹಾಗಾಗಿ ಗ್ಲೂಕೋಸ್ ಆಗಲೇ ಅರ್ಧ ಉರಿದ ಸೌದೆ ಇದ್ದ ಹಾಗೆ. ಎಣ್ಣೆ, ತುಪ್ಪಗಳಲ್ಲಿರುವ ಪಾಮಿಟಿಕ್ ಆಮ್ಲದಲ್ಲಿ 16 ಇಂಗಾಲದ ಪರಮಾಣುಗಳಿಗೆ ಆಮ್ಲಜನಕದವು ಎರಡೇ. ಅದು ಒಣಗಿದ ಹೊಸ ಸೌದೆ. ಉರಿಯುವುದು ಬಹಳಷ್ಟು ಬಾಕಿಯಿದೆ.

ಪ್ರಕೃತಿ ಕೊಬ್ಬನ್ನು ಉಳಿತಾಯ ಖಾತೆಯಾಗಿ ಆರಿಸಿಕೊಂಡದ್ದೂ ಇದೇ ಕಾರಣಕ್ಕೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಅಷ್ಟು ದೂರದ ಹಾರಾಟಕ್ಕೆ ಅವುಗಳ ಮುಖ್ಯ ಬುತ್ತಿ ಮೈಯಲ್ಲಿ ಕೂಡಿಟ್ಟ ಕೊಬ್ಬು. ಕಡಿಮೆ ತೂಕ, ಹೆಚ್ಚು ಶಕ್ತಿ. ನಾವೂ ಹಾಗೆಯೇ ಕೂಡಿಡುತ್ತೇವೆ. ಹಾರುವುದಿಲ್ಲ, ಅಷ್ಟೆ!

ಮೊದಲ ವಾರದ ಮೋಸ

ಈಗ ಪತ್ರದ ಹುಡುಗಿಯ ಎರಡು ಕಿಲೋ ವಿಷಯಕ್ಕೆ ಬರೋಣ. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟದ ದಾಸ್ತಾನು ಇರುತ್ತದೆ. ವಯಸ್ಕರಲ್ಲಿ ಇದು ಸುಮಾರು ಅರ್ಧ ಕಿಲೋ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟ ಬಿಟ್ಟಾಗ ಮೊದಲು ಕರಗುವುದು ಈ ದಾಸ್ತಾನು. ಅದರ ಹಿಂದೆಯೇ ನೀರೂ ಹೋಗುತ್ತದೆ. ತಕ್ಕಡಿಗೆ ಖುಷಿ, ಕೊಬ್ಬು ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಎರಡು ದಿನ ಹೊಟ್ಟೆ ತುಂಬ ಉಂಡರೆ ಆ ತೂಕ ಮರಳಿ ಬರುತ್ತದೆ.

ಮೈಯಲ್ಲಿ ಶೇಖರವಾದ ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕಿಲೋಕ್ಯಾಲೊರಿ ಖರ್ಚಾಗಬೇಕು. ದಿನಕ್ಕೆ 250 ಕಡಿಮೆ ಉಂಡರೆ ತಿಂಗಳಿಗೆ 7,500; ಅಂದರೆ ಸುಮಾರು ಒಂದು ಕಿಲೋ. ‘ವಾರಕ್ಕೆ ಐದು ಕಿಲೋ’ ಎಂಬ ಜಾಹೀರಾತು ನೋಡಿದಾಗ ಈ ಲೆಕ್ಕ ಮಾಡಿ. ಐದು ಕಿಲೋ ಕೊಬ್ಬೆಂದರೆ 38,500, ದಿನಕ್ಕೆ 5,500. ದೊಡ್ಡವರು ಏನೂ ತಿನ್ನದೆ ಕುಳಿತರೂ ದಿನಕ್ಕೆ ಖರ್ಚಾಗುವುದು 2,000ದ ಆಸುಪಾಸು. ಹಾಗಿದ್ದ ಮೇಲೆ ಜಾಹೀರಾತಿನ ಮಾತು ನಡೆಯುವಂಥದ್ದೇ?

ಚೀಟಿಯ ಮೇಲಿನ ಮಾತು

‘ಕೊಬ್ಬುರಹಿತ’ ಎಂದರೆ ಕ್ಯಾಲೊರಿರಹಿತ ಎಂದಲ್ಲ. ಸಕ್ಕರೆಯಲ್ಲೂ ಕೊಬ್ಬಿಲ್ಲ! 25 ಗ್ರಾಂ ಸಕ್ಕರೆ ಕರಗಿದ ಹಣ್ಣಿನ ಪಾನೀಯದ ಡಬ್ಬಿ ಹೊಟ್ಟೆಗೆ ಕೊಡುವುದು 100 ಕಿಲೋಕ್ಯಾಲೊರಿ. ಅದು ಹಸಿವನ್ನೂ ಹೆಚ್ಚು ಹೊತ್ತು ತಡೆಯುವುದಿಲ್ಲ. ಎಣ್ಣೆಯ ಡಬ್ಬದ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದಿರುತ್ತದೆ. ಸಸ್ಯಗಳಿಂದ ತೆಗೆದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ. ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ತುಪ್ಪವಾಗಲಿ, ಕಡಲೆಕಾಯಿ ಎಣ್ಣೆಯಾಗಲಿ, ದುಬಾರಿಯ ಆಲಿವ್ ಎಣ್ಣೆಯಾಗಲಿ ಗ್ರಾಮಿಗೆ 9 ಎಂಬುದು ಬದಲಾಗುವುದಿಲ್ಲ. ಹೃದಯಕ್ಕೆ ಯಾವುದು ಒಳ್ಳೆಯದು ಎಂಬುದು ಬೇರೆ ಪ್ರಶ್ನೆ.

ಹಾಗೆಂದು ಎಣ್ಣೆಯನ್ನು ಪೂರ್ತಿ ಬಿಡುವುದು ತಪ್ಪು. ಎ, ಡಿ, ಇ, ಕೆ ಜೀವಸತ್ವಗಳು ಕೊಬ್ಬಿನಲ್ಲಿ ಕರಗುವಂಥವು. ಸೊಪ್ಪು, ಕ್ಯಾರೆಟ್‌ಗಳಲ್ಲಿರುವ ಕ್ಯಾರೊಟಿನ್ ಮೈಗೆ ಹತ್ತಬೇಕಾದರೂ ಸ್ವಲ್ಪ ಜಿಡ್ಡು ಬೇಕು. ಸೊಪ್ಪಿನ ಪಲ್ಯಕ್ಕೆ ಅಜ್ಜಿ ಹಾಕುತ್ತಿದ್ದ ಒಗ್ಗರಣೆ ರುಚಿಗೆ ಮಾತ್ರವಲ್ಲ. ದೇಹ ತಾನೇ ತಯಾರಿಸಲಾಗದ ಕೆಲವು ಕೊಬ್ಬಿನ ಆಮ್ಲಗಳೂ ಊಟದಿಂದಲೇ ಬರಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಕೂಡ ಎಣ್ಣೆಯನ್ನು ಮಿತವಾಗಿ ಬಳಸಿ ಎನ್ನುತ್ತದೆಯೇ ಹೊರತು ಬಿಡಿ ಎನ್ನುವುದಿಲ್ಲ.

ಇನ್ನು ಬೆಳೆಯುವ ವಯಸ್ಸಿನ ಮಾತು. ಹದಿನಾರು ಹದಿನೇಳರ ಹುಡುಗ ಹುಡುಗಿಯರಿಗೆ ಮೂಳೆ, ರಕ್ತ, ಸ್ನಾಯು ಎಲ್ಲವೂ ಇನ್ನೂ ಕಟ್ಟಿಕೊಳ್ಳುತ್ತಿರುವ ಕಾಲ. ಈಗ ಉಪವಾಸ ಕೆಡವಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತುಹೋಗುವುದೂ ಉಂಟು. ತೂಕ ನಿಜಕ್ಕೂ ಹೆಚ್ಚೇ ಎಂದು ತಿಳಿಯಲು ದೊಡ್ಡವರ ಅಳತೆಗೋಲು ಮಕ್ಕಳಿಗೆ ಸಲ್ಲದು. ವಯಸ್ಸಿಗೆ ತಕ್ಕ ಕೋಷ್ಟಕ ನೋಡಿ ವೈದ್ಯರೇ ಹೇಳಬೇಕು. ತಂದೆತಾಯಿಯರಲ್ಲಿ ಒಂದು ವಿನಂತಿ: ‘ಏನೇ, ಎಷ್ಟು ದಪ್ಪ ಆಗಿದ್ದೀಯ!’ ಎಂದು ಬಂದ ನೆಂಟರು ನಗೆಯಾಡಿದಾಗ ನೀವೂ ನಗಬೇಡಿ. ನೆಂಟರು ಕಾಫಿ ಕುಡಿದು ಹೋಗುತ್ತಾರೆ; ಆ ಮಾತು ಮಗುವಿನ ತಟ್ಟೆಯ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತಿರುತ್ತದೆ.

ಮನೆಯವರೆಲ್ಲ ಮಾಡುವ ಪ್ರಯೋಗ

ಒಬ್ಬಳ ತಟ್ಟೆಗೆ ಬೇಲಿ ಹಾಕುವುದಕ್ಕಿಂತ ಅಡಿಗೆಮನೆಯ ಲೆಕ್ಕ ನೋಡುವುದು ಸುಲಭ. ಹೊಸ ಎಣ್ಣೆ ಡಬ್ಬ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ಮುಗಿದ ದಿನವನ್ನೂ ಗುರುತು ಹಾಕಿಕೊಳ್ಳಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನಾಲ್ವರ ಮನೆಯಲ್ಲಿ ತಿಂಗಳಿಗೆ ನಾಲ್ಕು ಲೀಟರ್ ಖರ್ಚಾದರೆ ತಲೆಗೆ ದಿನಕ್ಕೆ 30 ಗ್ರಾಂ, ಅಂದರೆ 270 ಕಿಲೋಕ್ಯಾಲೊರಿ. ಇದು ಎರಡು ಬಟ್ಟಲು ಅನ್ನಕ್ಕೆ ಸಮ. ತುಪ್ಪ, ತೆಂಗಿನಕಾಯಿ, ಹಾಲಿನ ಕೆನೆ, ಬೇಕರಿ ತಿಂಡಿಗಳಲ್ಲಿ ಅಡಗಿರುವ ಕೊಬ್ಬು ಇದಕ್ಕೆ ಸೇರಿಲ್ಲ.

ನಾಲ್ಕು ಲೀಟರನ್ನು ಮೂರಕ್ಕೆ ಇಳಿಸಿದರೆ ತಲೆಗೆ ದಿನಕ್ಕೆ ಸುಮಾರು 68 ಕಿಲೋಕ್ಯಾಲೊರಿ ಉಳಿತಾಯ. ವರ್ಷಕ್ಕೆ ಸುಮಾರು 25,000. ಕಾಗದದ ಲೆಕ್ಕದಲ್ಲಿ ಮೂರು ಕಿಲೋ ಕೊಬ್ಬು. ಮೈ ಹಗುರಾದಂತೆ ಅದರ ಖರ್ಚೂ ಇಳಿಯುವುದರಿಂದ ನಿಜದಲ್ಲಿ ಇಷ್ಟಾಗುವುದಿಲ್ಲ. ಆದರೂ ಯಾರೊಬ್ಬರ ಒಂದು ತುತ್ತೂ ಕಡಿಮೆಯಾಗಲಿಲ್ಲ ನೋಡಿ. ಡಬ್ಬದಿಂದ ನೇರ ಬಾಣಲೆಗೆ ಸುರಿಯದೆ ಚಮಚದಲ್ಲಿ ಅಳೆದು ಹಾಕುವುದು, ಹಪ್ಪಳವನ್ನು ಕರಿಯುವ ಬದಲು ಕೆಂಡದ ಮೇಲೆ ಸುಡುವುದು, ಬೋಂಡ ಪೂರಿಗಳನ್ನು ಹಬ್ಬಕ್ಕೆ ಮೀಸಲಿಡುವುದು, ಇಷ್ಟೇ ಸಾಕು. ಜೊತೆಗೆ ಬೆಳಗಿನ ತಿಂಡಿ ತಪ್ಪಿಸದೆ, ಸಂಜೆ ಒಂದು ಗಂಟೆ ಆಟವಾಡಿದರೆ ಇನ್ನೂ ಒಳ್ಳೆಯದು.

ವಿದ್ಯಾರ್ಥಿಗಳೇ, ಡಬ್ಬದ ಲೆಕ್ಕ ಇಡುವ ಕೆಲಸ ನಿಮ್ಮದು. ಮೂರು ತಿಂಗಳ ಅಂಕಿಗಳನ್ನು ಸ್ತಂಭಾಲೇಖವಾಗಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿ. ನಿಮ್ಮ ಮನೆಯಲ್ಲಿ ತಲೆಗೆ ದಿನಕ್ಕೆ ಎಷ್ಟು ಗ್ರಾಂ ಬಂತೆಂದು ನನಗೂ ಬರೆದು ತಿಳಿಸಿ.