ಪೇಟಿಯನ್ನು ಚೀಲದಡಿ ಹಾಕಬೇಡಿ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆ ಬಸ್ಸು, ಟಂಟಂ, ಸರಕು ಗಾಡಿ ಓಡಿಸುವ ಎಲ್ಲರಿಗೂ ಬಹಿರಂಗ ಪತ್ರ.



ಕಳೆದ ಜಾತ್ರೆಗೆ ಅಣ್ಣಿಗೇರಿಯಿಂದ ನವಲಗುಂದಕ್ಕೆ ಭಜನೆಗೆಂದು ಹಾರ್ಮೋನಿಯಂ ಪೇಟಿ ಹೊತ್ತು ಹೊರಟಿದ್ದೆ. ಕಾಲ ಬಳಿ ಇಟ್ಟುಕೊಳ್ಳುತ್ತೇನೆ, ಬೇಕಾದರೆ ಅದಕ್ಕೂ ಟಿಕೀಟು ಹರಿಯಿರಿ ಎಂದು ಕಂಡಕ್ಟರರನ್ನು ಕೇಳಿಕೊಂಡೆ. “ಕಟಗೀ ಪೆಟಗೀಗೆ ಏನಾಗತೈತ್ರಿ, ಡಿಕ್ಕ್ಯಾಗ ಹಾಕ್ರಿ” ಎಂಬ ಉತ್ತರ ಬಂತು. ಹಾಕಿದೆ. ಅದರ ಮೇಲೆ ಎರಡು ಕಡಲೆ ಚೀಲ ಬಿದ್ದವು. ಅಂದು ರಾತ್ರಿ ಕರಿ ಎರಡರ ಶ್ರುತಿಯಲ್ಲಿ ಪದ ಎತ್ತಿದರೆ ಪಂಚಮವೇ ಇಲ್ಲ. ಇನ್ನೊಂದು ಮನೆ ಒತ್ತದೆಯೇ ಕೂಗುತ್ತಿತ್ತು. ಪಾಪ, ಹಾಡುವವರು ಬರೀ ತಾಳದ ಮೇಲೆ ಬೆಳಗು ಹರಿಸಿದರು.

ಹೊರಗಿನಿಂದ ಪೇಟಿ ಕಟ್ಟಿಗೆಯ ಪೆಟ್ಟಿಗೆಯೇ. ಒಳಗಿರುವುದು ಹಿತ್ತಾಳೆಯ ತೆಳು ನಾಲಿಗೆಗಳು. ಒಂದೊಂದೂ ತನ್ನ ಸೀಳಿನಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟು ಆಡುತ್ತದೆ. ಎರೆಹೊಲದ ಧೂಳಿನ ಒಂದು ಕಣ ಸಿಕ್ಕರೆ ಸ್ವರ ನಿಂತಂತೆ. ಕುಲುಕಾಟಕ್ಕೆ ತಿರುಪು ಸಡಿಲಾಗುತ್ತದೆ. ಡಿಕ್ಕಿ ಕಾದರೆ ತಿದಿಯ ಅಂಟು ಬಿಟ್ಟು ಗಾಳಿ ಸೋರುತ್ತದೆ. ಶ್ರುತಿ ಸರಿಪಡಿಸಲು ಆ ನಾಲಿಗೆಯನ್ನೇ ಕೆರೆಯಬೇಕು: ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದ ಹಿತ್ತಾಳೆ ಮತ್ತೆ ಬೆಳೆಯುವುದಿಲ್ಲ.

ಇದು ಗಾಯಕ ಸವಾಯಿ ಗಂಧರ್ವರ ಕುಂದಗೋಳವಿರುವ ನಾಡು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಅವರಲ್ಲಿಗೆ ಪಾಠಕ್ಕೆ ಹೋಗುತ್ತಿದ್ದರು. ಇಲ್ಲಿ ಸಂಗೀತ ಮೊದಲಿನಿಂದಲೂ ಊರೂರು ತಿರುಗಿಯೇ ಬೆಳೆದಿದೆ. ಭಜನೆ, ಪಾರಿಜಾತದ ಆಟ, ನಾಟಕ, ಎಲ್ಲಕ್ಕೂ ಪೇಟಿ ಬೇಕು, ಪೇಟಿಗೆ ನಿಮ್ಮ ಗಾಡಿ ಬೇಕು.

ತಪ್ಪು ನಮ್ಮದೂ ಇದೆ. ತಿದಿಯ ಕೊಂಡಿ ಹಾಕದೆ, ಸ್ಟಾಪರ್ ಒಳತಳ್ಳದೆ, ಜಮಖಾನೆ ಸುತ್ತಿ ಹೊರಡುತ್ತೇವೆ. ನವಲಗುಂದದ ಜಮಖಾನೆ ಎಷ್ಟೇ ಗಟ್ಟಿಯಿದ್ದರೂ ಪೆಟ್ಟಿಗೆಯ ಕೆಲಸ ಮಾಡದು. ಊರು ಮುಟ್ಟಿದೊಡನೆ ಬಾರಿಸಲು ಕೂಡಬಾರದು. ತಾಸು ಹೊತ್ತು ನೆರಳಲ್ಲಿಟ್ಟು, ಮೆಲ್ಲಗೆ ಗಾಳಿ ಕೊಟ್ಟು ಒಂದೊಂದೇ ಮನೆ ನೋಡಬೇಕು. ಮನೆ ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆ ಬಿಡುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ, ಎಣ್ಣೆಗೆ ಧೂಳು ಅಂಟಿ ಪೂರಾ ಕೆಡುತ್ತದೆ.

ಗಾಡಿಯವರಲ್ಲಿ ನನ್ನ ಬೇಡಿಕೆ ಇಷ್ಟೇ. ಪೇಟಿ ತಂದವರನ್ನು ಹಿಂದಿನ ಗಾಲಿಯ ಮೇಲಿನ ಸೀಟಿಗೆ ಕಳಿಸಬೇಡಿ, ಪೇಟಿಯನ್ನು ಡಿಕ್ಕಿಗೆ ಕಳಿಸಬೇಡಿ. ಬೇಕಿದ್ದರೆ ಲಗೇಜು ಹಣ ತೆಗೆದುಕೊಳ್ಳಿ. ಬರುವ ಅಮಾವಾಸ್ಯೆಗೆ ಮತ್ತೆ ಭಜನೆಗೆ ಹೊರಡುತ್ತೇನೆ. ಕಾಲ ಬಳಿ ಎರಡಡಿ ಜಾಗ ಕೊಡಿ.

ಇಂತಿ,
ಅಣ್ಣಿಗೇರಿಯ ಒಬ್ಬ ಪೇಟಿ ಮಾಸ್ತರ