ಬಾಡು ಹೆಚ್ಚಾಕೆ ಬೇರೆ ಚಾಕು ಯಾಕೆ?



ಬಳ್ಳಾರಿಯಲ್ಲಿ ಹೊಸದಾಗಿ ಮನೆ ಮಾಡಿದ ತಂಗಿಯೊಬ್ಬಳು ಮೊನ್ನೆ ಫೋನ್ ಮಾಡಿದ್ಲು. "ಅಕ್ಕಾ, ಅಡುಗೆಮನೆಗೆ ಯಾವ ಚಾಕು ತಗೊಳ್ಳಲಿ? ಆನ್‌ಲೈನ್‌ನಲ್ಲಿ ಆರು ಚಾಕುವಿನ ಸೆಟ್ ಐತೆ." ಆರು ಯಾಕವ್ವ ಅಂದೆ. "ಬಾಡು ಹೆಚ್ಚಾಕೆ ಒಂದು ಬೇರೆ ಬೇಕಲ್ಲಕ್ಕಾ, ಯಾರಾದ್ರೂ ಬಂದ್ರೆ ಒಳಗೆ ಇಡಬಹುದು."

ನನಗೆ ಬಯ್ಯಲು ಬಾಯಿ ಬರಲಿಲ್ಲ. ನಾನೂ ಅದನ್ನೇ ಮಾಡಿದವಳು. ಈ ಊರಿನ ನನ್ನ ಮೊದಲ ಬಾಡಿಗೆ ಮನೆಯಲ್ಲಿ ಓನರ್ "ನೀವು ವೆಜ್ಜಾ?" ಅಂದಾಗ ಸುಮ್ಮನೆ ತಲೆಯಾಡಿಸಿದ್ದೆ. ಎರಡು ವರ್ಷ ಒಂದು ಚಾಕು ಪೇಪರಿನಲ್ಲಿ ಸುತ್ತಿಕೊಂಡು ಅಕ್ಕಿ ಡಬ್ಬದ ಹಿಂದೆ ಇತ್ತು. ಜಾತಿ ಕೇಳಲು ನಾಚುವವರು ಅಡುಗೆ ಕೇಳ್ತಾರೆ, ನಿಮಗೆ ಗೊತ್ತಿರೋದೇ.

ಸಿರುಗುಪ್ಪ ಕಡೆಯ ನಮ್ಮೂರಲ್ಲಿ ಅವ್ವನ ಹತ್ತಿರ ಇದ್ದದ್ದು ಒಂದು ಈಳಿಗೆ, ಒಂದು ಸಣ್ಣ ಚಾಕು. ಬೆಳಿಗ್ಗೆ ಬದನೆಕಾಯಿ, ಸಂಜೆ ಮೀನು, ಎಲ್ಲಾ ಅದರಲ್ಲೇ. ಮಣೆ ಮೇಲೆ ಕಾಲಿಟ್ಟು ಕೂತರೆ ಎರಡೂ ಕೈ ಖಾಲಿ. ಖಂಡವನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿಗೆ ಒತ್ತಿ, ಮೊಳದುದ್ದದ ಎಳೆ ತೆಗೆದು ಬಿಸಿಲಿಗೆ ಹಗ್ಗದ ಮೇಲೆ ಹಾಕ್ತಿದ್ಲು. ಎಳೆ ಒಂದೇ ದಪ್ಪ, ಎಲ್ಲೂ ಹರೀತಿರಲಿಲ್ಲ. ಟಿವಿಯ ಯಾವ ಶೆಫ್‌ಗೂ ಕಡಿಮೆಯಿಲ್ಲದ ಕೈ ಅದು. 2020ರ ಜಾನುವಾರು ವಧೆ ತಡೆ ಕಾಯ್ದೆ ಬಂದ ಮೇಲೆ ಆ ಹಗ್ಗದ ಮೇಲೆ ಬಟ್ಟೆ ಒಣಗ್ತಾವೆ. ಅದು ಬೇರೆಯೇ ಪೋಸ್ಟು.

ತಂಗಿಗೆ ಹೇಳಿದ್ದು ಇಷ್ಟು. ಎರಡು ಚಾಕು ಸಾಕು. ಒಂದು ಗೇಣುದ್ದ ಅಲಗಿನದು, ಇನ್ನೊಂದು ಬೆಳ್ಳುಳ್ಳಿ, ಮೆಣಸಿನಕಾಯಿಗೆ ಮೂರ್ನಾಲ್ಕು ಇಂಚಿನದು. ಅಲಗಿನ ಲೋಹ ಹಿಡಿಯ ಕೊನೆವರೆಗೂ ಹೋಗಿದೆಯಾ ನೋಡು, ಇಲ್ಲದಿದ್ದರೆ ಕುಂಬಳಕಾಯಿಗೆ ಹಾಕಿದ ದಿನವೇ ಹಿಡಿ ಕೈಗೆ ಬರುತ್ತೆ. ಮೂಳೆಗೆ ಮಾತ್ರ ಈ ಚಾಕು ಹಾಕಬೇಡ, ಅಂಗಡಿಯಲ್ಲೇ ಕಡಿಸಿಕೊಂಡು ಬಾ.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಶೇಕಡಾ 10.5ಕ್ಕಿಂತ ಹೆಚ್ಚಿರುತ್ತೆ, ಅದಕ್ಕೇ ತುಕ್ಕು ಹಿಡಿಯೋದು ಕಡಿಮೆ. ಆದರೆ ಅಗ್ಗದ ಸೆಟ್ಟಿನ ಸ್ಟೀಲು ಮೆದು, ಬೇಗ ಮೊಂಡಾಗುತ್ತೆ. ನನ್ನದು ಕುರುಗೋಡು ರಸ್ತೆ ಬದಿಯಲ್ಲಿ ಕುಲುಮೆ ಹೂಡಿದ್ದ ಬೈಲು ಕಮ್ಮಾರರು ಲಾರಿಯ ಕಮಾನು ಪಟ್ಟಿ ಕಾಯಿಸಿ ಬಡಿದುಕೊಟ್ಟದ್ದು. ಟೊಮೆಟೊ, ಹುಣಸೆ ತಾಗಿದ್ರೆ ಕಪ್ಪಾಗುತ್ತೆ; ತೊಳೆದ ಕೂಡಲೇ ಒರೆಸಿ ಒಂದು ಹನಿ ಶೇಂಗಾ ಎಣ್ಣೆ ಸವರಬೇಕು. ಸಾಣೆಕಲ್ಲಿನ ಮೇಲೆ ಚಾಕುವಿನ ಬೆನ್ನನ್ನು ಕಿರುಬೆರಳಿನ ದಪ್ಪದಷ್ಟು ಎತ್ತಿ ಉಜ್ಜಿದರೆ ಹತ್ತು ನಿಮಿಷದ ಕೆಲಸ. ಸಿರುಗುಪ್ಪದ ಗದ್ದೆಗೆ ಭತ್ತ ಕೊಯ್ಯುವ ಮೆಷಿನ್ ಬಂದ ಮೇಲೆ ಕುಡುಗೋಲು ಕೇಳುವವರು ಕಡಿಮೆ. ಅವರ ಹತ್ತಿರ ಚೌಕಾಸಿ ಮಾಡಬೇಡಿ ಮಾರಾಯ್ರೇ, ತೋರಣಗಲ್ಲಿನ ಸ್ಟೀಲ್ ಫ್ಯಾಕ್ಟರಿ ಜೊತೆ ಯಾರಾದ್ರೂ ಮಾಡ್ತೀವಾ?

ಮೊಂಡು ಚಾಕು ಸಣ್ಣ ವಿಷಯ ಅಲ್ಲ. ಬಿಸಿಯೂಟದಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ ಲೆಕ್ಕ. 200 ಮಕ್ಕಳಿದ್ದರೆ 10 ಕಿಲೋ. ಅಡುಗೆ ಮಾಡುವ ನಮ್ಮ ಅಕ್ಕನೊಬ್ಬಳು ಮನೆಯ ಚಾಕುವನ್ನೇ ಸೆರಗಲ್ಲಿ ಸುತ್ತಿಕೊಂಡು ಶಾಲೆಗೆ ಹೋಗ್ತಾಳೆ. ಮೊಂಡಾದದ್ದು ಜಾರುತ್ತೆ, ಜಾರಿದ್ದು ಬೆರಳಿಗೇ ಬರುತ್ತೆ.

ಇನ್ನು ಬೇರೆ ಚಾಕುವಿನ ಮಾತು. ಹಸಿ ಮಾಂಸ ಕೊಯ್ದ ಚಾಕು, ಮಣೆಯನ್ನು ಸೋಪು ಹಾಕಿ ತೊಳೆಯದೆ ಸೌತೆಕಾಯಿ ಹೆಚ್ಚಬಾರದು, ಹೊಟ್ಟೆ ಕೆಡುತ್ತೆ. ಮೊದಲು ತರಕಾರಿ, ಆಮೇಲೆ ಬಾಡು. ಇದು ಶುಚಿ. ಈ ಕಾರಣಕ್ಕೆ ಎರಡು ಚಾಕು ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಆದರೆ ತೊಳೆದ ಮೇಲೂ ಒಂದು ಸ್ಟ್ಯಾಂಡಿನಲ್ಲಿ, ಇನ್ನೊಂದು ಬಚ್ಚಲಲ್ಲಿ ಅಂದ್ರೆ ಅದು ಮಡಿ. ನೌಕರಿ ಸಿಕ್ಕ, ಗೋಡೆಗೆ ಬಾಬಾಸಾಹೇಬರ ಫೋಟೋ ಹಾಕಿದ ನಮ್ಮ ಮನೆಗಳಲ್ಲೂ ಇದನ್ನ ನೋಡಿದ್ದೀನಿ.

ತಂಗಿ ಎರಡೇ ತಗೊಂಡ್ಲಂತೆ. ನನ್ನದು ಈಗ ಕಿಟಕಿ ಪಕ್ಕದ ಮೊಳೆಗೆ ನೇತಾಡ್ತಿದೆ, ಬಾಗಿಲಿಗೆ ಬಂದವರಿಗೆ ಕಾಣೋ ಹಾಗೆ. ಅವ್ವ ಹೋದ ವಾರ ಬಂದವಳು ಅದನ್ನ ತೆಗೆದು ಹೆಬ್ಬೆರಳು ಆಡಿಸಿ, "ಸಾಣೆ ಹಿಡಿದು ಎಷ್ಟು ದಿನ ಆತು?" ಅಂದಳು.